ಬರ್ನಾರ್ಡ್ ಎಡ್ವರ್ಡ್ಸ್ ಹೆಸರನ್ನೂ ಹೇಳಿ

ಅಮೆರಿಕದ ಡಿಸ್ಕೊ ಬ್ಯಾಂಡ್ ಶೀಕ್ ಬಗ್ಗೆ ಮಾತು ಬಂದಾಗಲೆಲ್ಲ ನನಗೊಂದು ಸಂಕಟ. ಎಲ್ಲರ ಬಾಯಲ್ಲೂ ನೈಲ್ ರಾಡ್ಜರ್ಸ್. ಆ ಬಿಳಿ ಗಿಟಾರು, ಆ ಟೋಪಿ, ಆ ನಗು. ಅವನಿಗೆ ಸಿಗುತ್ತಿರುವ ಮರ್ಯಾದೆ ಸಿಗಬೇಕಾದದ್ದೇ, ಎರಡು ಮಾತಿಲ್ಲ. ಆದರೆ ಪಕ್ಕದಲ್ಲಿ ಬೇಸ್ ಗಿಟಾರ್, ಅಂದರೆ ತಗ್ಗು ಸ್ವರದ ಗಿಟಾರು, ಹಿಡಿದು ನಿಂತಿದ್ದ ಬರ್ನಾರ್ಡ್ ಎಡ್ವರ್ಡ್ಸ್? ಶೀಕ್ ಹಾಡುಗಳನ್ನು ಇಬ್ಬರೂ ಸೇರಿ ಬರೆದರು, ಇಬ್ಬರೂ ಸೇರಿ ರೆಕಾರ್ಡ್ ಮಾಡಿದರು. ನೆನಪಲ್ಲಿ ಉಳಿದದ್ದು ಒಬ್ಬನೇ.

ನಾನು ಬೇಸ್ ಕಲಿಯಲು ಶುರು ಮಾಡಿ ಆರು ವರ್ಷ ಆಯಿತು. ಶೀಕ್ ಹಾಡು 'ಗುಡ್ ಟೈಮ್ಸ್' ಮೊದಲ ಸಲ ನುಡಿಸಿದಾಗ ಇಷ್ಟೇನಾ ಅನ್ನಿಸಿತ್ತು. ಒಂದೇ ಸ್ವರ, ಮೂರು ಹೊಡೆತ. ದುಮ್, ದುಮ್, ದುಮ್. ಆಮೇಲೆ ಒಂಚೂರು ಖಾಲಿ ಜಾಗ. ಅಲ್ಲಿಂದ ಮೆಟ್ಟಿಲು ಹತ್ತಿದ ಹಾಗೆ ಮೇಲಕ್ಕೊಂದು ಓಟ. ಸ್ವರಗಳು ಒಂದೇ ವಾರದಲ್ಲಿ ಬೆರಳಿಗೆ ಕೂತವು. ಆ ಖಾಲಿ ಜಾಗ ಮಾತ್ರ ಇವತ್ತಿಗೂ ದಕ್ಕಿಲ್ಲ. ಕೂದಲೆಳೆಯಷ್ಟು ಮುಂಚೆ ನುಗ್ಗಿದರೆ ಹಾಡು ಮುಗ್ಗರಿಸುತ್ತದೆ, ತಡವಾದರೆ ಕುಂಟುತ್ತದೆ. ಬರ್ನಾರ್ಡ್ ಅಲ್ಲಿ ಸುಮ್ನೆ ಕಾಯುತ್ತಾನೆ. ಕುಣಿಯುವವರ ಕಾಲು ನೆಲ ಬಿಟ್ಟು ಏಳುವುದು ಆ ಕಾಯುವಿಕೆಯಲ್ಲೇ.

ಅಷ್ಟೇ ಅಲ್ಲ. ನೈಲ್ ಮೊದಲು ಜ್ಯಾಜ್ ಕಡೆಯವನು, ದೊಡ್ಡ ಹೊಟ್ಟೆಯ ಜ್ಯಾಜ್ ಗಿಟಾರ್ ನುಡಿಸುತ್ತಿದ್ದ. ಇವತ್ತು ಜಗತ್ತೇ ಗುರುತಿಸುವ ಅವನ ಆ 'ಚಕ ಚಕ' ಗಿಟಾರ್ ಶೈಲಿಯ ದಾರಿ ತೋರಿಸಿದವನು ಬರ್ನಾರ್ಡ್. ಇದನ್ನು ನೈಲ್ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ.

ಇಬ್ಬರೂ ಭೇಟಿಯಾದದ್ದು 1970ರಲ್ಲಿ, ನ್ಯೂಯಾರ್ಕ್‌ನಲ್ಲಿ. ಶೀಕ್‌ನ ಮೊದಲ ಆಲ್ಬಮ್ ಬಂದದ್ದು 1977ಕ್ಕೆ. ಅದೇ ವರ್ಷದ ಕೊನೆಯ ರಾತ್ರಿ ಸ್ಟುಡಿಯೊ 54 ಕ್ಲಬ್ಬಿನ ಬಾಗಿಲಲ್ಲಿ ಇವರನ್ನು ಒಳಗೆ ಬಿಡಲಿಲ್ಲ. ಒಳಗೆ ಇವರದೇ ಹಾಡಿಗೆ ಜನ ಕುಣಿಯುತ್ತಿದ್ದ ಕಾಲ ಅದು! ಮನೆಗೆ ಹೋಗಿ ಸಿಟ್ಟಿನಲ್ಲಿ ಬಾಗಿಲು ಕಾಯುವವನನ್ನು ಬೈಯುತ್ತಾ ನುಡಿಸಿದರು. ಆ ಬೈಗುಳವೇ ತಿದ್ದಿಕೊಂಡು 'ಲ ಫ್ರೀಕ್' ಆಯಿತು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು, ಇಳಿಯಿತು, ಮತ್ತೆ ಏರಿತು. ಒಟ್ಟು ಮೂರು ಸಲ.

ಆಮೇಲೆ 1979ರ ಜುಲೈ 12. ಶಿಕಾಗೊದ ಕಾಮಿಸ್ಕಿ ಪಾರ್ಕ್‌ನಲ್ಲಿ ಎರಡು ಬೇಸ್‌ಬಾಲ್ ಆಟಗಳ ನಡುವೆ ಒಬ್ಬ ರೇಡಿಯೊ ನಿರೂಪಕ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದ. ಜನ ಮೈದಾನಕ್ಕೆ ನುಗ್ಗಿದರು. ಅದನ್ನು ತಮಾಷೆ ಅಂತ ಈಗಲೂ ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಪ್ಪು ಜನ, ಲ್ಯಾಟಿನೊ ಜನ, ಸಲಿಂಗಿಗಳು ಕಟ್ಟಿಕೊಂಡ ಸಂಗೀತ ಅದು. ಅದರ ಮೇಲಿನ ಸಿಟ್ಟು ಬರೀ ತಾಳದ ಮೇಲಿನ ಸಿಟ್ಟಾಗಿರಲಿಲ್ಲ. ಮುಂದಿನ ತಿಂಗಳೇ 'ಗುಡ್ ಟೈಮ್ಸ್' ನಂಬರ್ ಒನ್ ಆಯಿತು. ಅಲ್ಲಿಗೆ ಮುಗಿಯಿತು. ಆಮೇಲೆ ಶೀಕ್‌ನ ಒಂದು ಹಾಡೂ ಅಮೆರಿಕದ ಪಟ್ಟಿಯ ಮೊದಲ ನಲವತ್ತರೊಳಗೆ ಬರಲಿಲ್ಲ. ಹಾಡು ಕೆಟ್ಟದಾಗಿದ್ದಕ್ಕಲ್ಲ. ಡಿಸ್ಕೊ ಅನ್ನುವ ಹಣೆಪಟ್ಟಿ ಇದ್ದದ್ದಕ್ಕೆ.

ಆದರೆ ಬೇಸ್ ಸಾಯಲಿಲ್ಲ ನೋಡಿ. ಅದೇ ವರ್ಷ ಶುಗರ್‌ಹಿಲ್ ಗ್ಯಾಂಗ್ 'ಗುಡ್ ಟೈಮ್ಸ್' ತಾಳದ ಮೇಲೆಯೇ 'ರ‍್ಯಾಪರ್ಸ್ ಡಿಲೈಟ್' ಮಾಡಿತು. ರ‍್ಯಾಪ್ ಮನೆಮನೆಗೆ ತಲುಪಿದ್ದು ಆ ಹಾಡಿನಿಂದ. ನೈಲ್, ಬರ್ನಾರ್ಡ್ ಹೆಸರು ಅದರ ಮೇಲೆ ಬಂದದ್ದು ಕಾನೂನಿನ ಮಾತೆತ್ತಿದ ಮೇಲೆಯೇ. ಬ್ರಿಟನ್ನಿನ ಕ್ವೀನ್ ಬ್ಯಾಂಡಿನ 'ಅನದರ್ ಒನ್ ಬೈಟ್ಸ್ ದಿ ಡಸ್ಟ್' ಕೇಳಿ, ಆ ಮೂರು ಹೊಡೆತ ಅಲ್ಲೂ ಇದೆ. ಮಡೋನಾಳ 'ಲೈಕ್ ಎ ವರ್ಜಿನ್' ಆಲ್ಬಮ್‌ನಲ್ಲಿ ಬೇಸ್ ನುಡಿಸಿದವನೂ ಬರ್ನಾರ್ಡೇ, ಡ್ರಮ್ಸ್ ಶೀಕ್‌ನ ಟೋನಿ ಥಾಂಪ್ಸನ್. ಗಾಯಕ ರಾಬರ್ಟ್ ಪಾಮರ್‌ನ 'ಅಡಿಕ್ಟೆಡ್ ಟು ಲವ್' ರೂಪಿಸಿದ ನಿರ್ಮಾಪಕನೂ ಇವನೇ. ಇದು ಎಷ್ಟು ಜನಕ್ಕೆ ಗೊತ್ತು?

ಸಂಗೀತ ಸಾಧಕರನ್ನು ಗೌರವಿಸುವ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಶೀಕ್ ಹೆಸರು 11 ಸಲ ಹೋಯಿತು. ಒಂದು ಸಲವೂ ಆಯ್ಕೆಯಾಗಲಿಲ್ಲ. 2017ರಲ್ಲಿ ನೈಲ್ ಒಬ್ಬನನ್ನೇ ಕರೆದು ಬೇರೆ ಪ್ರಶಸ್ತಿ ಕೊಟ್ಟರು. ಖುಷಿಯ ಜೊತೆಗೆ ಬೇಜಾರೂ ಇದೆ ಅಂತ ಅವನೇ ಹೇಳಿದ. ಬ್ಯಾಂಡನ್ನು ಹೊರಗೆ ನಿಲ್ಲಿಸಿ ಒಬ್ಬನಿಗೆ ಹಾರ ಹಾಕಿದರೆ ಬೇಜಾರಾಗದೆ ಇರುತ್ತದಾ?

ಬರ್ನಾರ್ಡ್ ಹೋಗಿದ್ದು 1996ರ ಏಪ್ರಿಲ್‌ನಲ್ಲಿ, ಟೋಕಿಯೊದ ಹೋಟೆಲ್ ಕೋಣೆಯಲ್ಲಿ. ನ್ಯುಮೋನಿಯಾ. 43 ವರ್ಷ ವಯಸ್ಸು. ಅದಕ್ಕೂ ಕೆಲವೇ ಗಂಟೆ ಮುಂಚೆ ಅಲ್ಲಿನ ಬುಡೋಕಾನ್ ಸಭಾಂಗಣದಲ್ಲಿ ಕಾರ್ಯಕ್ರಮ ಇತ್ತು. ಮೈಯಲ್ಲಿ ಹುಷಾರಿರಲಿಲ್ಲ, ಆದರೂ ವೇದಿಕೆ ಹತ್ತಿದ. ನಡುವೆ ಒಂದು ಹಾಡಿನಲ್ಲಿ ಬೇಸ್ ನಿಂತುಹೋಯಿತು. ಅವನಿಗೆ ಎಚ್ಚರ ತಪ್ಪಿತ್ತು. ನೈಲ್‌ಗೆ ಅದು ತಿಳಿಯಲಿಲ್ಲ. ಬರ್ನಾರ್ಡ್ ಬೇಕಂತಲೇ ಜಾಗ ಬಿಟ್ಟಿದ್ದಾನೆ, ಎಂಥ ಒಳ್ಳೆಯ ಜಾಗ ಬಿಟ್ಟ ಅಂದುಕೊಂಡನಂತೆ. ಸ್ವಲ್ಪ ಹೊತ್ತಿಗೆ ಬೇಸ್ ಮತ್ತೆ ಬಂತು, ಬರ್ನಾರ್ಡ್ ಕಾರ್ಯಕ್ರಮ ಮುಗಿಸಿಯೇ ಕೆಳಗಿಳಿದ.