ನನ್ನ ಚಟ, ಗೌಡ್ರ ಚಟ್

ನಿನ್ನೆ ರಾತ್ರಿ 8 ಗಂಟೆ 29 ನಿಮಿಷಕ್ಕೆ, ಇನ್ನೇನು ರೇಡಿಯೋದಲ್ಲಿ ಆ ಊರಿನ ಹೆಸರು ಕಿವಿಗೆ ಬೀಳಬೇಕು, ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಒಂದು ಸೊಳ್ಳೆ ಸತ್ತಿತು.

ಸೊಳ್ಳೆ ಸತ್ತರೆ ನಿಮಗೇನ್ರೀ ಕಷ್ಟ ಅಂತೀರಾ? ದಾವಣಗೆರೆಯಲ್ಲಿ ಇದ್ದುಕೊಂಡು ಸೊಳ್ಳೆ ಪರ ಮಾತಾಡಬಾರದು, ಗೊತ್ತು. ಆದರೂ ಮೂರು ವಾರದಿಂದ ಹೊಟ್ಟೆ ಉರೀತಾ ಇದೆ, ಹೇಳಿಯೇ ಬಿಡ್ತೀನಿ.

ನನಗೊಂದು ಚಟ ಇದೆ. ರಾತ್ರಿ ಮಹಡಿ ಮೇಲಿನ ರೂಮಿನಲ್ಲಿ ಟ್ರಾನ್ಸಿಸ್ಟರ್ ಹಿಡಿದು ಕೂತು ಮೀಡಿಯಂ ವೇವ್‌ನಲ್ಲಿ ದೂರದ ಸ್ಟೇಷನ್ ಹುಡುಕೋದು. ಹಾಡು ಕೇಳೋಕಲ್ಲ. ಅದು ಯಾವ ಊರು ಅಂತ ಗುರುತು ಹಿಡಿಯೋಕೆ. ಹೆಸರು ಕೇಳಿಸಿತಾ, ನೋಟ್‌ಬುಕ್ಕಲ್ಲಿ ಬರೆದು ಮುಂದಿನದಕ್ಕೆ ಹೋದೆ. "ಬಸ್‌ಸ್ಟ್ಯಾಂಡಲ್ಲಿ ನಿಂತು ಬೋರ್ಡ್ ಓದ್ತೀರಿ, ಬಸ್ ಮಾತ್ರ ಹತ್ತಲ್ಲ" ಅಂತಾಳೆ ನನ್ನ ಹೆಂಡತಿ. ಇದಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ.

ಹಗಲು ಈ ಆಟ ನಡೆಯಲ್ಲ. ಬಿಸಿಲಿರುವಾಗ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ, ವಾತಾವರಣದಲ್ಲಿ, ಡಿ ಪದರ ಅಂತ ಒಂದು ಇರುತ್ತದೆ. ಮೇಲಕ್ಕೆ ಹೊರಟ ಮೀಡಿಯಂ ವೇವ್ ಅಲೆಗಳನ್ನು ಅದು ನುಂಗಿ ಕೂರುತ್ತದೆ. ಹೊತ್ತು ಮುಳುಗಿದ ಮೇಲೆ ಅದು ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲಿನ ಪದರದ ತನಕ ಹೋಗಿ, ಅಲ್ಲಿಂದ ತಿರುಗಿ ನೂರಾರು ಕಿಲೋಮೀಟರ್ ಆಚೆ ಬಂದು ಇಳಿಯುತ್ತವೆ. ಅಂದರೆ ಸ್ಟೇಷನ್ ಬರೋ ಹೊತ್ತೂ ಸೊಳ್ಳೆ ಬರೋ ಹೊತ್ತೂ ಒಂದೇ. ನನ್ನ ಕಷ್ಟ ಇಲ್ಲಿಂದಲೇ ಶುರು.

ಮನೆಯೊಳಗೂ ಶತ್ರುಗಳು ಕಮ್ಮಿ ಇಲ್ಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್, ಎಲ್ಲವೂ ರೇಡಿಯೋ ಪಾಲಿಗೆ ಗೊರ್ ಅನ್ನೋವೇ. ನನ್ನ ಸೆಟ್‌ನಲ್ಲಿ ಲಾಂಗ್ ವೇವ್ ಕೂಡ ಇದೆ. 200ರಿಂದ 400 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ವಿಮಾನಕ್ಕೆ ದಿಕ್ಕು ತೋರಿಸೋ ಬೀಕನ್‌ಗಳು ಇರುತ್ತವೆ. ಪಾಪ, ತಮ್ಮ ಗುರುತಿನ ಎರಡು ಮೂರು ಅಕ್ಷರವನ್ನು ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತದಲ್ಲಿ ಬೇಸರವಿಲ್ಲದೆ ಹೇಳ್ತಾನೇ ಇರುತ್ತವೆ. ಅಂಥದ್ದೊಂದು ಸಿಕ್ಕಿತು ಅಂತ ಹೋದ ಶ್ರಾವಣದಲ್ಲಿ ಒಂದು ಸಂಜೆಯೆಲ್ಲ ಕೂತು ಬರೆದೆ. ಚುಕ್ಕೆ, ಚುಕ್ಕೆ, ಚುಕ್ಕೆ. ಮೋರ್ಸ್‌ನಲ್ಲಿ ಒಂದು ಚುಕ್ಕೆ ಅಂದ್ರೆ ಇಂಗ್ಲಿಷಿನ 'ಇ'. ನಾಲ್ಕು ಪುಟ ಬರೀ ಇ ಇ ಇ. ಕೊನೆಗೆ ನನ್ನ ಹೆಂಡತಿ ಕೆಳಗೆ ದೇವರ ಮನೆಯ ಸೀರಿಯಲ್ ಸೆಟ್ ಆರಿಸಿದಳು. ಬೀಕನ್ನೂ ಆರಿತು.

ನಮ್ಮ ಮನೆಯದನ್ನೆಲ್ಲ ಆರಿಸಬಹುದು. ಗೌಡ್ರನ್ನ ಆರಿಸೋದು ಹೇಗೆ?

ಗೌಡ್ರ ಮನೆ ನಮ್ಮ ಮನೆಯಿಂದ ಉತ್ತರಕ್ಕೆ, ಸಣ್ಣ ಓಣಿಯಾಚೆ. ಕಾಟನ್ ಮಿಲ್ಲಿನಲ್ಲಿ ದುಡಿದ ಜೀವ. ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು, ಅವರ ಮೈಯೊಳಗಿನ ಸೈರನ್ ಮಾತ್ರ ಇನ್ನೂ ಹೊಡೀತಾನೇ ಇದೆ. 8ಕ್ಕೆ ರೊಟ್ಟಿ. 8.20ಕ್ಕೆ ಎಲೆಅಡಿಕೆ. 8.25ಕ್ಕೆ ಬಾಗಿಲು ಬಂದ್. ಆಮೇಲೆ ಕೈಗೆ ಸೊಳ್ಳೆ ಬ್ಯಾಟು. ಮೊದಲು ಮಂಚದ ಕೆಳಗೆ ಒಂದು ಸುತ್ತು. ಆಮೇಲೆ ಒಗೆದ ಬಟ್ಟೆ ನೇತು ಹಾಕಿದ ಗೂಟದ ಹತ್ತಿರ. ಅಲ್ಲಿ ಸ್ವಲ್ಪ ಹೊತ್ತು ಉಸಿರು ಬಿಗಿ ಹಿಡಿದು ನಿಲ್ಲುತ್ತಾರೆ, ಬೆಕ್ಕು ನಿಂತ ಹಾಗೆ. ಕೊನೆಗೆ ಬಲಗೈಯನ್ನು ಹಿಂದಕ್ಕೆ ತಿರುಗಿಸಿ ತಮ್ಮದೇ ಬೆನ್ನ ಹಿಂದೆ ಒಂದು ಬೀಸು. ಎಲ್ಲಾ ನಮ್ಮ ಕಿಟಕಿಯಿಂದ ಕಾಣುತ್ತೆ. ಕಾಣೋದಲ್ಲದೆ ಕೇಳುತ್ತೆ ಬೇರೆ. ಒಂದೊಂದು ಸೊಳ್ಳೆಗೂ ಒಂದೊಂದು ಕಿಡಿ. ರೇಡಿಯೋಗೆ ಕಿಡಿ ಅಂದ್ರೆ ಪುಟ್ಟ ಸಿಡಿಲು. ಎಲ್ಲಿ ಮುಳ್ಳು ತಿರುಗಿಸಿದರೂ ಚಟ್!

ಈಗ ನನ್ನ ಸ್ಟೇಷನ್ ವಿಷಯ. 648 ಕಿಲೋಹರ್ಟ್ಸ್. ಹಿಂದಿಯಲ್ಲಿ ಒಬ್ಬ ಹೆಂಗಸಿನ ದನಿ. ಬರುತ್ತೆ, ಹೋಗುತ್ತೆ, ಎಂಟೂವರೆ ಹತ್ತಿರ ಹತ್ತು ನಿಮಿಷ ಮಾತ್ರ ಸ್ಪಷ್ಟ. ಸರಿಯಾಗಿ ಆಗಲೇ ಆಯಮ್ಮ ಹೆಸರು ಹೇಳ್ತಾರೆ. ಮೊದಲ ದಿನ ಕೇಳಿಸಿದ್ದು, "ಯೇ ಆಕಾಶವಾಣೀ ಚಟ್ ಹೈ." ಎರಡನೇ ದಿನ, "ಯೇ ಆಕಾಶವಾಣೀ ಚಟ್ ಚಟ್ ಹೈ." ಎರಡು ಸೊಳ್ಳೆ ಇರಬೇಕು. ಮೊಬೈಲಲ್ಲಿ ರೆಕಾರ್ಡ್ ಮಾಡಿದೆ, ಚಟ್ ಇನ್ನೂ ಚೆನ್ನಾಗಿ ಬಂತು. ಆಕಾಶವಾಣಿ ಅನ್ನೋ ಹೆಸರು 1935ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ಶುರು ಮಾಡಿದ ಕೇಂದ್ರದಿಂದ ದೇಶಕ್ಕೆಲ್ಲ ಹೋದದ್ದು. ಆ ನಮ್ಮ ಪದಕ್ಕೆ ಒಂದು ಗೀರೂ ಬೀಳಲ್ಲ. 'ಹೈ'ಗೂ ಏನೂ ಆಗಲ್ಲ. ಊರಿನ ಹೆಸರು ಮಾತ್ರ ದಿನಾ ಗೌಡ್ರ ಪಾಲು.

ಒಂದು ಉಪಾಯ ಮಾಡಿದೆ. ಟ್ರಾನ್ಸಿಸ್ಟರ್ ಒಳಗೆ ಆಂಟೆನಾ ಕೆಲಸ ಮಾಡೋ ಫೆರೈಟ್ ಕಡ್ಡಿ ಇರುತ್ತಲ್ಲ, ಅದರ ತುದಿ ಯಾವ ಕಡೆ ತೋರಿಸುತ್ತೋ ಆ ಕಡೆಯ ಸಿಗ್ನಲ್ ಸಣ್ಣಗಾಗುತ್ತೆ. ಸೆಟ್ಟನ್ನು ತಿರುಗಿಸಿ ತುದಿಯನ್ನು ಗೌಡ್ರ ಮನೆ ಕಡೆ ಇಟ್ಟೆ. ಚಟ್ ಸಣ್ಣಗಾಯಿತು. ಆಯಮ್ಮನೂ ಸಣ್ಣಗಾದರು! ಗೌಡ್ರೂ ಆ ಸ್ಟೇಷನ್ನೂ ಒಂದೇ ಗೆರೆ ಮೇಲೆ ಕೂತಿದ್ದರು. ಹಾಗಾದರೆ ಸ್ಟೇಷನ್ ಉತ್ತರಕ್ಕೇ ಇರಬೇಕಲ್ಲ? ಮ್ಯಾಪ್ ಮೇಲೆ ಸ್ಕೇಲ್ ಇಟ್ಟೆ. ದಾವಣಗೆರೆಯಿಂದ ನೆಟ್ಟಗೆ ಮೇಲಕ್ಕೆ, ಸುಮಾರು 900 ಕಿಲೋಮೀಟರ್ ದೂರದಲ್ಲಿ ಇಂದೋರ್. ಸ್ಟೇಷನ್ ಪಟ್ಟಿಯಲ್ಲೂ 648ರ ಎದುರು ಇಂದೋರ್ ಇದೆ. ಆದರೆ ಕಿವಿಯಾರೆ ಹೆಸರು ಕೇಳದೆ ಪೆನ್ನಿನಲ್ಲಿ ಬರೆಯಲ್ಲ ಅನ್ನೋದು ನನ್ನ ಹಠ.

ಕೊನೆಗೆ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಗೌಡ್ರ ಮನೆಗೇ ಹೋದೆ. "ಗೌಡ್ರೇ, ಆ ಬ್ಯಾಟು ಒಂದು ಹತ್ತು ನಿಮಿಷ ತಡ ಮಾಡಿ ಹಿಡಿದ್ರೆ..."

"ಬ್ಯಾಟಿಗೂ ರೇಡಿಯೋಕ್ಕೂ ಏನ್ರೀ ಸಂಬಂಧ ಮೇಷ್ಟ್ರೇ?" ಅಂತ ಬ್ಯಾಟ್ ಸಮೇತ ನನ್ನ ಜೊತೆಗೇ ಹೊರಟರು. ರೂಮಿನಲ್ಲಿ ಸೆಟ್ ಹಚ್ಚಿದೆ. ಬರೀ ಸರಸರ ಸದ್ದು, ಅದರ ಹಿಂದೆ ಎಲ್ಲೋ ಒಂದು ಹಾಡಿನ ಎಳೆ. ಗೌಡ್ರು ಮಾತು ನಿಲ್ಲಿಸಿದರು. "ನಮ್ಮಪ್ಪ ಪೋಸ್ಟಾಫೀಸಿನಾಗೆ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಿದ್ರು ರೇಡಿಯೋಕ್ಕೆ" ಅಂದರು. "ಮಿಲ್ಲಿನ ಸೈರನ್ ಹೊಡೆದ್ರೆ ಏಳೋದು, ಇದು ಸರಸರ ಅಂದ್ರೆ ಮಲಗೋದು. ಎರಡೂ ಈಗ ಕೇಳಂಗಿಲ್ಲ ನೋಡ್ರಿ." ನನಗೂ ಏನೋ ಒಂಥರಾ ಆಯಿತು. ಮೀಡಿಯಂ ವೇವ್‌ನಲ್ಲಿ ಒಂದೊಂದೇ ಸ್ಟೇಷನ್ ಬಾಯಿ ಮುಚ್ಚುತ್ತಾ ಬಂದಿದೆ. ಹೋದ ವರ್ಷ ಪೆನ್ನಿನಲ್ಲಿ ಬರೆದ ಕೆಲವು ಹೆಸರುಗಳ ಜಾಗದಲ್ಲಿ ಈಗ ಕೇಳೋದು ಬರೀ ಗಾಳಿ.

ಅಷ್ಟರಲ್ಲಿ ಗೌಡ್ರು ಸುತ್ತ ಕಣ್ಣಾಡಿಸಿದರು. "ಸೊಳ್ಳೆ ಭಾಳ ಅದಾವಲ್ರೀ ನಿಮ್ಮ ರೂಮಿನಾಗೆ! ಅದಕ್ಕೇ ಗೊರ್ ಅಂತೈತೆ" ಅಂದು, ಸ್ಪೀಕರ್ ಎದುರಿಗೇ ಚಟ್, ಚಟ್, ಚಟ್. ಮೂರು ಸೊಳ್ಳೆ ಕೊಂದು, ಉಪಕಾರ ಮಾಡಿದ ಮುಖದಲ್ಲಿ ಕೆಳಗಿಳಿದು ಹೋದರು.

ನಿನ್ನೆ 8.20ಕ್ಕೆ ಕರೆಂಟ್ ಹೋಯಿತು. ಓಣಿಯಲ್ಲಿ ಎಲ್ಲರೂ ಥೂ ಅಂದರು. ನಾನೊಬ್ಬನೇ ಕೈ ಮುಗಿದೆ. ನಮ್ಮ ಇನ್ವರ್ಟರನ್ನೂ ಆರಿಸಿದೆ. ಗೊರ್ ಸದ್ದೆಲ್ಲ ಸತ್ತು, ಆಯಮ್ಮ ಪಕ್ಕದ ರೂಮಲ್ಲಿ ಕೂತು ಮಾತಾಡಿದಷ್ಟು ಚೆನ್ನಾಗಿ ಕೇಳಿಸಿದರು. ಪೆನ್ನಿನ ಕ್ಯಾಪ್ ತೆಗೆದು ಕೂತೆ. ಕರೆಂಟ್ ಹೋದರೆ ಫ್ಯಾನೂ ನಿಲ್ಲುತ್ತೆ, ಫ್ಯಾನ್ ನಿಂತರೆ ಸೊಳ್ಳೆ ಮುತ್ತುತ್ತೆ, ಬ್ಯಾಟು ಬೆಳಗ್ಗೆಯೇ ಚಾರ್ಜ್ ಆಗಿರುತ್ತೆ ಅನ್ನೋದು ನನ್ನ ತಲೆಗೆ ಹೊಳೆಯಲೇ ಇಲ್ಲ.

"ಯೇ ಆಕಾಶವಾಣೀ ಇಂ ಚಟ್ ಹೈ."

ಕತ್ತಲಲ್ಲಿ ಆಚೆ ಕಿಟಕಿಯಿಂದ ದನಿ ಬಂತು. "ಮೇಷ್ಟ್ರೇ, ಕರೆಂಟ್ ಹೋಗೈತಲ್ಲ, ಈಗ ಚೆಂದ ಕೇಳ್ತೈತೇನ್ರೀ?"

"ಕೇಳ್ತೈತೆ ಗೌಡ್ರೇ" ಅಂದೆ. ಪೆನ್ನಿಗೆ ಕ್ಯಾಪ್ ಹಾಕಿ, ಪೆನ್ಸಿಲ್ ಹುಡುಕಿ, 648ರ ಮುಂದೆ 'ಇಂ' ಅಂತ ಬರೆದೆ.