ಸತ್ಯಾಂಶ: ಬಾಸ್ ಕಂಡರೆ ಭಯವಿದ್ದರೆ ಕೆಲಸ ಚುರುಕಾಗುತ್ತದೆಯೇ?

‘ಮೇಲಧಿಕಾರಿ ಕಂಡರೆ ಭಯ ಇರಬೇಕು. ಆಗಲೇ ನೌಕರರು ತಾವಾಗಿ ಮುಂದೆ ಬಂದು ಕೆಲಸ ಮಾಡುತ್ತಾರೆ’ ಎನ್ನುವ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಇದು ಅರ್ಧ ಸತ್ಯ. ಬೈಗುಳಕ್ಕೆ ಹೆದರಿದವರು ಹೇಳಿದ ಕೆಲಸ ಮುಗಿಸಬಹುದು. ಹೇಳದ ಕೆಲಸಕ್ಕೆ ಕೈ ಹಾಕುವುದು ಕಷ್ಟ.

ಯಾಕೆ? ಸ್ವಂತ ಬುದ್ಧಿಯಿಂದ ಹೊಸದೇನೋ ಮಾಡಲು ಹೋದರೆ ಎಡವಟ್ಟಾಗಬಹುದು. ಆಗ ಬಾಸ್ ಜೊತೆಗೆ ನಿಲ್ಲುತ್ತಾರೋ, ಕೈ ತೊಳೆದುಕೊಳ್ಳುತ್ತಾರೋ? ಆ ನಂಬಿಕೆ ಇಲ್ಲದಿದ್ದರೆ ಸುಮ್ನೆ ಇರುವುದೇ ಲಾಭ, ಅಲ್ವಾ?

ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಗಮನಿಸಿದರು. ಒಳ್ಳೆಯ ಮುಖ್ಯಸ್ಥರಿದ್ದ ತಂಡಗಳಲ್ಲೇ ಔಷಧ ಕೊಡುವಾಗಿನ ತಪ್ಪುಗಳು ಜಾಸ್ತಿ ದಾಖಲಾಗಿದ್ದವು! ಎಡ್ಮಂಡ್‌ಸನ್ ನಿರೀಕ್ಷಿಸಿದ್ದು ಇದರ ಉಲ್ಟಾ. ಕೊನೆಗೆ ಅವರಿಗೆ ಹೊಳೆದ ಕಾರಣ ಸರಳ: ಆ ತಂಡಗಳಲ್ಲಿ ತಪ್ಪನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದರು. ಭಯ ಇದ್ದ ಕಡೆ ತಪ್ಪು ಕಡಿಮೆ ಇತ್ತು ಎಂದೇನಲ್ಲ, ಕಡಿಮೆ ಕಾಣುತ್ತಿತ್ತು ಅಷ್ಟೇ. 1999ರಲ್ಲಿ ಅವರು ಒಂದು ಕಂಪನಿಯ 51 ತಂಡಗಳ ಅಧ್ಯಯನ ಪ್ರಕಟಿಸಿದರು. ಅಲ್ಲಿಯೂ ಅಳುಕಿಲ್ಲದೆ ಮಾತಾಡಬಹುದಾದ ತಂಡಗಳೇ ಹೆಚ್ಚು ಕಲಿಯುತ್ತಿದ್ದವು.

ಹಾಗಂತ ನಂಬಿಕೆ ಎಂದರೆ ಸಲುಗೆಯಲ್ಲ. ಸಂದೇಶ ಬರೆದವರು ಎಡವಿದ್ದು ಇಲ್ಲೇ ಅನಿಸುತ್ತದೆ. ಒಬ್ಬರ ಮೇಲೆ ನಂಬಿಕೆ ಹುಟ್ಟಲು ಏನು ಬೇಕು ಎಂಬುದನ್ನು ಸಂಶೋಧಕರಾದ ಮೇಯರ್, ಡೇವಿಸ್ ಮತ್ತು ಶೂರ್‌ಮನ್ 1995ರಲ್ಲೇ ಬಿಡಿಸಿಟ್ಟಿದ್ದರು. ಎದುರಿನವರಿಗೆ ಕೆಲಸ ಗೊತ್ತಿರಬೇಕು, ನಮ್ಮ ಒಳಿತು ಬಯಸಬೇಕು, ಮಾತಿನಂತೆ ನಡೆಯಬೇಕು. ತಪ್ಪು ಮಾಡಿದಾಗ ನೇರವಾಗಿ ಹೇಳುವ ಕಟ್ಟುನಿಟ್ಟಿನ ಬಾಸ್ ಕೂಡ ಇದರಲ್ಲಿ ಪಾಸಾಗಬಹುದು.

ಇನ್ನು, ಪ್ರತಿ ಸಣ್ಣ ವಿಷಯಕ್ಕೂ ಮೇಲಿನ ಸಹಿ ಬೇಕು ಎನ್ನುವ ಕಡೆ ನಂಬಿಕೆಯೊಂದೇ ಇದ್ದರೂ ಯಾರೂ ಮುನ್ನುಗ್ಗಲಾರರು.