ಮೆಟ್ಟಿಲ ಮೇಲೆ ಇಟ್ಟು ಹೋದ ಕಾರ್ಡುಗಳು

ಯುದ್ಧದ ಸಿನಿಮಾ ಅಂದರೆ ಟ್ಯಾಂಕು, ಬಾಂಬು ಬೇಕೇ ಬೇಕು ಅನ್ನುವವರಿಗೆ 2016ರ ‘ಅಲೋನ್ ಇನ್ ಬರ್ಲಿನ್’ ಸಪ್ಪೆ ಅನ್ನಿಸಬಹುದು. ವಯಸ್ಸಾಗುತ್ತಿರುವ ಕಾರ್ಖಾನೆ ನೌಕರನೊಬ್ಬ ಮನೆಯಲ್ಲಿ ಕೂತು ಹಿಟ್ಲರ್ ವಿರುದ್ಧ ಪೋಸ್ಟ್‌ಕಾರ್ಡ್ ಬರೆಯುತ್ತಾನೆ. ಗಂಡ ಹೆಂಡತಿ ಸೇರಿ ಅದನ್ನು ಯಾವುದೋ ಕಟ್ಟಡದ ಮೆಟ್ಟಿಲ ಮೇಲೆ ಇಟ್ಟು ಬರುತ್ತಾರೆ. ಕಥೆ ಅಷ್ಟೇ. ಎಮ್ಮಾ ಥಾಂಪ್ಸನ್, ಬ್ರೆಂಡನ್ ಗ್ಲೀಸನ್ ಇಬ್ಬರೂ ಸೊಗಸಾಗಿ ಮಾಡಿದ್ದಾರೆ. ನನ್ನ ತಕರಾರು ಬೇರೆ. ಸಿನಿಮಾ ಇವರಿಬ್ಬರನ್ನು ದೇವರ ಪಟದ ಹಾಗೆ ಕಟ್ಟು ಹಾಕಿ ಗೋಡೆಗೆ ತೂಗುಹಾಕಿಬಿಟ್ಟಿದೆ.

ಕಥೆಯ ಹಿಂದಿರುವ ನಿಜವಾದ ದಂಪತಿ ಒಟ್ಟೊ ಮತ್ತು ಎಲಿಸೆ ಹಾಂಪೆಲ್. ಬರ್ಲಿನ್ನಿನ ವೆಡ್ಡಿಂಗ್ ಎಂಬ ಕಾರ್ಮಿಕರ ಬಡಾವಣೆಯವರು. ಹೆಚ್ಚು ಓದಿದವರಲ್ಲ, ಕ್ರಾಂತಿಕಾರಿಗಳಂತೂ ಅಲ್ಲವೇ ಅಲ್ಲ. ಎಲಿಸೆ ನಾಜಿಗಳ ಮಹಿಳಾ ಸಂಘದ ಸದಸ್ಯೆಯೂ ಆಗಿದ್ದವಳು. 1940ರಲ್ಲಿ ಅವಳ ಒಡಹುಟ್ಟಿದವನು ಫ್ರಾನ್ಸ್‌ನ ಯುದ್ಧದಲ್ಲಿ ಸತ್ತ. ಆಮೇಲೆ ಕಾರ್ಡು ಬರೆಯಲು ಶುರು ಮಾಡಿದರು. ಸಿನಿಮಾದಲ್ಲಿ ಸಾಯುವುದು ಮಗ. ಕಣ್ಣೀರು ಜಾಸ್ತಿ ಬರಲಿ ಅಂತ ಇರಬೇಕು!

ಎರಡು ವರ್ಷ, 200ಕ್ಕೂ ಹೆಚ್ಚು ಕಾರ್ಡು. ಕೈಬರಹ ಗೊತ್ತಾಗದಿರಲಿ ಅಂತ ಬಿಡಿ ಬಿಡಿ ದೊಡ್ಡ ಅಕ್ಷರ. ತುಂಬ ಕಾಗುಣಿತದ ತಪ್ಪು. ಸೈನ್ಯಕ್ಕೆ ಸೇರಬೇಡಿ, ಸರ್ಕಾರದ ಚಳಿಗಾಲದ ನಿಧಿಗೆ ದುಡ್ಡು ಕೊಡಬೇಡಿ, ಹಿಟ್ಲರನನ್ನು ಕೆಳಗಿಳಿಸಿ, ಇಂಥ ಮಾತುಗಳು.

ಈಗ ಆ ಕಾರ್ಡು ಸಿಕ್ಕಿದವನ ಪಾಡು ಯೋಚಿಸಿ. ಕೆಲಸ ಮುಗಿಸಿ ಮನೆಗೆ ಬಂದಿದ್ದೀರಿ. ಮೆಟ್ಟಿಲ ಮೇಲೆ ಒಂದು ಕಾರ್ಡು ಬಿದ್ದಿದೆ. ಯಾರದೋ ಕಾಗದ ಅಂತ ಎತ್ತಿಕೊಳ್ಳುತ್ತೀರಿ. ಎರಡು ಸಾಲು ಓದುವಷ್ಟರಲ್ಲಿ ಮೇಲಿನ ಮಹಡಿಯಲ್ಲಿ ಬಾಗಿಲು ತೆರೆದ ಸದ್ದು. ಜೇಬಿಗೆ ಹಾಕಿಕೊಂಡರೆ ಅಪರಾಧ. ಅಲ್ಲೇ ಬಿಟ್ಟರೆ, ನೀವು ಓದಿದ್ದನ್ನು ನೋಡಿದವರು ಇದ್ದರೆ? ಇದು ನಿಮ್ಮನ್ನು ಹಿಡಿಯಲು ಪೊಲೀಸರೇ ಇಟ್ಟದ್ದಾದರೆ? ಸುಮ್ನೆ ತೆಗೆದುಕೊಂಡು ಹೋಗಿ ಒಪ್ಪಿಸಿಬಿಡುವುದೇ ಕ್ಷೇಮ ಅಲ್ವಾ? ಬಹುತೇಕ ಕಾರ್ಡುಗಳು ಹಾಗೇ ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೋ ಕೈ ಸೇರಿದವು. ಒಪ್ಪಿಸಿದವರೆಲ್ಲ ಕೆಟ್ಟವರು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ನೀರಿನ ಬಿಲ್ಲಿನ ಬಗ್ಗೆ ಬರೆದದ್ದನ್ನೇ ಹೆದರಿ ಡಿಲೀಟ್ ಮಾಡುವವರು ನಾವು.

1942ರ ಅಕ್ಟೋಬರಿನಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಮುಂದಿನ ಜನವರಿಯಲ್ಲಿ ನಾಜಿಗಳ ‘ಜನತಾ ನ್ಯಾಯಾಲಯ’ ಮರಣದಂಡನೆ ಕೊಟ್ಟಿತು. 1943ರ ಏಪ್ರಿಲ್ 8ರಂದು ಪ್ಲೋಟ್ಸನ್‌ಸೀ ಜೈಲಿನಲ್ಲಿ ತಲೆ ಕಡಿದರು.

ಸಿನಿಮಾ ಬಿಟ್ಟ ವಿಷಯವೊಂದಿದೆ. ಶಿಕ್ಷೆಯಾದ ಮೇಲೆ ಇಬ್ಬರೂ ಪ್ರಾಣಭಿಕ್ಷೆ ಕೇಳಿದರು. ಒಬ್ಬರ ಮೇಲೊಬ್ಬರು ತಪ್ಪು ಹಾಕಿದರು. ಸಿನಿಮಾದ ಜೋಡಿ ಕೊನೆಯವರೆಗೂ ತಲೆ ಎತ್ತಿಕೊಂಡೇ ಇರುತ್ತದೆ. ನಿಜವಾದವರು ಜೀವ ಉಳಿದರೆ ಸಾಕು ಅಂದರು. ಇದನ್ನು ತೋರಿಸಿದರೆ ಅವರ ಮರ್ಯಾದೆ ಹೋಗುತ್ತಿತ್ತಾ? ನನಗಂತೂ ಅವರು ಇನ್ನೂ ಹತ್ತಿರ ಅನ್ನಿಸಿದ್ದೇ ಇಲ್ಲಿ. ಸಾವಿಗೆ ಅಷ್ಟು ಹೆದರುತ್ತಿದ್ದವರು ಎರಡು ವರ್ಷ ದಿನವೂ ಆ ಹೆದರಿಕೆ ಇಟ್ಟುಕೊಂಡೇ ಕಾರ್ಡು ಹಂಚಿದರು. ಹೆದರಿಕೆಯೇ ಇಲ್ಲದವರಾಗಿದ್ದರೆ ಅದರಲ್ಲೇನು ದೊಡ್ಡ ವಿಷಯ ಹೇಳಿ.

ಯುದ್ಧ ಮುಗಿದ ಮೇಲೆ ಈ ದಂಪತಿಯ ಗೆಸ್ಟಾಪೋ ಫೈಲು ಜರ್ಮನ್ ಲೇಖಕ ಹಾನ್ಸ್ ಫಲ್ಲಾಡಾ ಕೈಗೆ ಬಂತು. 1946ರ ಕೊನೆಯಲ್ಲಿ, ಕಾಯಿಲೆಯ ನಡುವೆಯೇ, ಕೆಲವೇ ವಾರಗಳಲ್ಲಿ ಈ ಸಿನಿಮಾಕ್ಕೆ ಮೂಲವಾದ ಕಾದಂಬರಿ ಬರೆದು ಮುಗಿಸಿದ. ಅದು ಅಚ್ಚಾಗಿ ಬರುವ ಮೊದಲೇ 1947ರಲ್ಲಿ ತೀರಿಕೊಂಡ. ಇಂಗ್ಲಿಷಿಗೆ ಬರಲು 2009ರ ತನಕ ಕಾಯಬೇಕಾಯಿತು. ಸಿನಿಮಾ ನೋಡುವುದಿದ್ದರೆ ನೋಡಿ, ಆದರೆ ಕಾದಂಬರಿ ಬಿಡಬೇಡಿ. ಅದೂ ಮಗನನ್ನೇ ಸಾಯಿಸುತ್ತದೆ, ನಿಜ. ಆದರೆ ಅದರಲ್ಲಿ ದಂಪತಿ ಇರುವ ಕಟ್ಟಡದಲ್ಲಿ ಕುಡುಕರು, ಕಳ್ಳರು, ಚಾಡಿಕೋರರು, ಅಕ್ಕಪಕ್ಕದವರ ಹೊಟ್ಟೆಕಿಚ್ಚು ಎಲ್ಲ ಇದೆ.